ಐವತ್ತು ವರ್ಷ ಮೊದಲೇ ಬಂದ ಬ್ರೇಕು: ಫ್ರೆಡರಿಕ್ ಲ್ಯಾಂಚೆಸ್ಟರ್

ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಹುಡುಕುವ ಕಾಲ ಬಂತು ಅಂದ್ರೆ ಮೆಕ್ಯಾನಿಕಲ್ ವಿಭಾಗದ ಕಾರಿಡಾರಿನಲ್ಲಿ ಒಂದು ಮಾತು ಕೇಳಿ ಬಂದೇ ಬರುತ್ತೆ: ಹಳೇ ಪಿಕಪ್ ಗಾಡಿ ಒಂದನ್ನು ತಂದು, ಅದರ ಹಿಂದಿನ ಡ್ರಮ್ ಬ್ರೇಕ್ ಕಿತ್ತು, ಡಿಸ್ಕ್ ಬ್ರೇಕ್ ಕೂರಿಸೋಣ. ಡಿಸ್ಕ್ ಅಂದ್ರೆ ಹೊಸದು, ಡ್ರಮ್ ಅಂದ್ರೆ ಹಳೇದು ಅನ್ನೋ ಭಾವನೆ ನಮ್ಮಲ್ಲಿ ಬಹಳ ಜನಕ್ಕಿದೆ. ನಿಜ ಹೇಳಬೇಕಂದ್ರೆ ಎರಡೂ ಒಂದೇ ವಯಸ್ಸಿನವು. ಶೂಗಳನ್ನು ಒಳಗಿನಿಂದ ಹೊರಕ್ಕೆ ಒತ್ತುವ ಡ್ರಮ್ ಬ್ರೇಕಿಗೆ 1902ರಲ್ಲಿ ಫ್ರಾನ್ಸಿನ ಲೂಯಿ ರೆನೋ ರೂಪ ಕೊಟ್ಟರು. ಅದೇ 1902ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಬ್ಬ ಎಂಜಿನಿಯರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದರು. ಡ್ರಮ್ ಗೆದ್ದಿತು, ಡಿಸ್ಕ್ ಅರ್ಧ ಶತಮಾನ ಮೂಲೆ ಸೇರಿತು.

ಆ ಎಂಜಿನಿಯರ್ ಹೆಸರು ಫ್ರೆಡರಿಕ್ ವಿಲಿಯಂ ಲ್ಯಾಂಚೆಸ್ಟರ್. ಅವರ ಬ್ರೇಕು ಆಗ ಯಾಕೆ ಸೋತಿತು ಅನ್ನೋದು ಗೊತ್ತಾದರೆ, ಇವತ್ತು ಪಿಕಪ್ಪಿಗೆ ಡಿಸ್ಕ್ ಕೂರಿಸಲು ಹೊರಟವರಿಗೆ ಅರ್ಧ ಕೆಲಸ ಮುಗಿದ ಹಾಗೆ. ಅದಕ್ಕೇ ಈ ಸಲ ನಾವು ಅವರ ಬದುಕನ್ನೇ ಬರೆಯೋಣ ಅಂತ ಕೂತಿದ್ದೇವೆ.

ಪದವಿ ಇಲ್ಲದ ಎಂಜಿನಿಯರ್

ಲ್ಯಾಂಚೆಸ್ಟರ್ ಹುಟ್ಟಿದ್ದು 1868ರ ಅಕ್ಟೋಬರ್ 23ರಂದು, ಲಂಡನ್ನಿನ ಲೂಯಿಶಮ್‌ನಲ್ಲಿ. ತಂದೆ ಹೆನ್ರಿ ಜೋನ್ಸ್ ಲ್ಯಾಂಚೆಸ್ಟರ್ ಕಟ್ಟಡಗಳ ವಾಸ್ತುಶಿಲ್ಪಿ. ತಾಯಿ ಆಕ್ಟೇವಿಯಾ ಲ್ಯಾಟಿನ್ ಮತ್ತು ಗಣಿತ ಹೇಳಿಕೊಡುತ್ತಿದ್ದವರು. ಎಂಟು ಮಕ್ಕಳಲ್ಲಿ ಫ್ರೆಡ್ ನಾಲ್ಕನೆಯವರು. ಈ ಮನೆತನದ ಜೊತೆ ನಮ್ಮ ದೇಶಕ್ಕೂ ಒಂದು ನಂಟಿದೆ. ಜೋಧಪುರದ ಉಮೇದ್ ಭವನ ಅರಮನೆಯ ಚಿತ್ರ ನೀವೆಲ್ಲ ನೋಡಿರುತ್ತೀರಿ. ಅದರ ವಿನ್ಯಾಸ ಮಾಡಿದ ಹೆನ್ರಿ ವಾನ್ ಲ್ಯಾಂಚೆಸ್ಟರ್ ಬೇರೆ ಯಾರೂ ಅಲ್ಲ, ಫ್ರೆಡ್ ಅವರ ಅಣ್ಣ.

ಫ್ರೆಡ್ ಚಿಕ್ಕವರಿದ್ದಾಗಲೇ ಕುಟುಂಬ ಸಮುದ್ರ ತೀರದ ಹೋವ್ ಊರಿಗೆ ಹೋಯಿತು. ಮುಂದೆ ಅವರು ಸೌತಾಂಪ್ಟನ್ನಿನ ಹಾರ್ಟ್ಲಿ ಸಂಸ್ಥೆಯಲ್ಲಿ ಓದಿದರು. ಅಲ್ಲಿಂದ ವಿದ್ಯಾರ್ಥಿವೇತನ ಗಿಟ್ಟಿಸಿ ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್‌ನಲ್ಲಿದ್ದ ನಾರ್ಮಲ್ ಸ್ಕೂಲ್ ಆಫ್ ಸೈನ್ಸ್ ಸೇರಿದರು. ಅದು ಈಗಿನ ಇಂಪೀರಿಯಲ್ ಕಾಲೇಜಿನ ಪೂರ್ವಜ. ಅಲ್ಲಿನ ಪಾಠದಲ್ಲಿ ವರ್ಕ್‌ಶಾಪ್ ಕೆಲಸ ಸಾಲದು ಅನ್ನಿಸಿ ಫಿನ್ಸ್‌ಬರಿಯ ತಾಂತ್ರಿಕ ಶಾಲೆಯಲ್ಲಿ ಸಂಜೆ ತರಗತಿಗೂ ಹೋದರು. ಇಷ್ಟೆಲ್ಲ ಓದಿದರೂ ಕೊನೆಗೆ ಯಾವ ಪದವಿಯನ್ನೂ ಪಡೆಯದೆ ಹೊರಬಂದರು. ಒಂದೆರಡು ಬ್ಯಾಕ್ ಉಳಿದರೆ ಜೀವನವೇ ಮುಗಿದಂತೆ ಕೂರುವ ನಮ್ಮಂಥವರು ಇದನ್ನು ನೆನಪಿಡಬೇಕು. ಹಾಗಂತ ಇದನ್ನೇ ನೆಪ ಮಾಡಿಕೊಳ್ಳೋದೂ ಬೇಡ. ಅವರು ಕಾಲೇಜು ಬಿಟ್ಟಿದ್ದು ನಿಜ, ಓದು ಬಿಟ್ಟಿದ್ದು ಮಾತ್ರ ಯಾವತ್ತೂ ಇಲ್ಲ.

1888ರಲ್ಲಿ ಪೇಟೆಂಟ್ ಕಚೇರಿಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಕೆಲಸ ಸಿಕ್ಕಿತು, ವಾರಕ್ಕೆ 3 ಪೌಂಡ್ ಸಂಬಳ. ಬೇರೆಯವರ ಆವಿಷ್ಕಾರಗಳ ಚಿತ್ರ ಬಿಡಿಸುತ್ತಲೇ ಅವರು ತಾವೂ ಒಂದು ಡ್ರಾಯಿಂಗ್ ಉಪಕರಣಕ್ಕೆ ಪೇಟೆಂಟ್ ಪಡೆದರು. ಒಂದು ಯೋಚನೆಯನ್ನು ಕಾನೂನಿನ ಮಾತಿನಲ್ಲಿ ಬರೆದು ಭದ್ರ ಮಾಡೋದು ಹೇಗೆ ಅಂತ ಕಲಿತದ್ದೂ ಅಲ್ಲೇ.

ಆಫರ್ ಲೆಟರಿನಲ್ಲಿ ಹೊಡೆದುಹಾಕಿದ ಒಂದು ಸಾಲು

1889ರಲ್ಲಿ ಅವರು ಬರ್ಮಿಂಗ್‌ಹ್ಯಾಮ್‌ಗೆ ಬಂದು ಫಾರ್ವರ್ಡ್ ಗ್ಯಾಸ್ ಎಂಜಿನ್ ಕಂಪನಿಯಲ್ಲಿ ಸಹಾಯಕ ಮ್ಯಾನೇಜರ್ ಆಗಿ ಸೇರಿದರು. ಸಂಬಳ ವಾರಕ್ಕೆ 1 ಪೌಂಡ್ ಮಾತ್ರ, ಅಂದ್ರೆ ಹಿಂದಿನ ಕೆಲಸದ ಮೂರನೇ ಒಂದು ಭಾಗ. ಆದರೂ ಒಪ್ಪಿಕೊಂಡರು, ಯಾಕಂದ್ರೆ ಅಲ್ಲಿ ನಿಜವಾದ ಯಂತ್ರಗಳಿದ್ದವು. ಕೆಲಸದ ಒಪ್ಪಂದದಲ್ಲಿ, ನೌಕರ ಮಾಡುವ ಯಾವುದೇ ತಾಂತ್ರಿಕ ಸುಧಾರಣೆ ಕಂಪನಿಯ ಸ್ವತ್ತು ಅಂತ ಒಂದು ಷರತ್ತಿತ್ತು. 21 ವರ್ಷವೂ ತುಂಬಿರದ ಈ ಹುಡುಗ ಸಹಿ ಹಾಕುವ ಮೊದಲು ಆ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿದ. ಕ್ಯಾಂಪಸ್ ಪ್ಲೇಸ್‌ಮೆಂಟಿನಲ್ಲಿ ಹತ್ತು ಪುಟದ ಆಫರ್ ಲೆಟರಿಗೆ ಕಣ್ಣು ಮುಚ್ಚಿ ಸಹಿ ಮಾಡುವ ನಾವು, ಕಡೇ ಪಕ್ಷ ಅದನ್ನು ಓದುವುದನ್ನಾದರೂ ಇವರಿಂದ ಕಲಿಯಬಹುದು.

ಆ ಸಾಲು ಹೊಡೆದದ್ದು ಸಾರ್ಥಕವಾಯಿತು. ಗ್ಯಾಸ್ ಎಂಜಿನ್ನಿನ ವೇಗ ಹದ್ದುಬಸ್ತಿನಲ್ಲಿಡಲು ಅವರು ಒಂದು ಲೋಲಕ ಗವರ್ನರ್ ಮಾಡಿದರು. ಪ್ರತಿ ಎಂಜಿನ್ನಿಗೆ ಅದನ್ನು ಕೂರಿಸಿದಾಗಲೂ 10 ಶಿಲ್ಲಿಂಗ್ ರಾಯಧನ ಬರುತ್ತಿತ್ತು. ಆಗಿನ ದೊಡ್ಡ ಎಂಜಿನ್‌ಗಳನ್ನು ಚಾಲು ಮಾಡಬೇಕಂದ್ರೆ ಫ್ಲೈವೀಲನ್ನು ಜನ ಕೈಯಿಂದ ತಿರುಗಿಸಬೇಕಿತ್ತು, ಕೈಕಾಲು ಮುರಿಯುವ ಅಪಾಯವಿತ್ತು. ಲ್ಯಾಂಚೆಸ್ಟರ್ ಅದಕ್ಕೊಂದು ಸೆಲ್ಫ್ ಸ್ಟಾರ್ಟರ್ ಕಂಡುಹಿಡಿದು, ಅದರ ಹಕ್ಕನ್ನು ಕ್ರಾಸ್ಲಿ ಕಂಪನಿಗೆ ಒಳ್ಳೆಯ ಬೆಲೆಗೆ ಮಾರಿದರು. ಕಾರ್ಖಾನೆಯ ಪಕ್ಕದಲ್ಲೇ ಒಂದು ಸಣ್ಣ ಶೆಡ್ ಬಾಡಿಗೆಗೆ ಹಿಡಿದು ತಮ್ಮದೇ ಎಂಜಿನ್ ಕಟ್ಟಿದರು. ಅದಕ್ಕೆ ಡೈನಮೊ ಜೋಡಿಸಿ ಕಂಪನಿಯ ಆಫೀಸಿಗೂ ಕಾರ್ಖಾನೆಗೂ ದೀಪ ಹೊತ್ತಿಸಿದರು. ಸ್ವಲ್ಪ ದಿನಕ್ಕೆ ವರ್ಕ್ಸ್ ಮ್ಯಾನೇಜರ್ ಆದರು, ಮುಂದೆ ಆ ಹುದ್ದೆಯನ್ನು ತಮ್ಮ ಜಾರ್ಜ್‌ಗೆ ಬಿಟ್ಟುಕೊಟ್ಟು ಸ್ವಂತ ಪ್ರಯೋಗಗಳಿಗೆ ಇಳಿದರು.

ಗಾಡಿ ಪೂರ್ತಿ ಒಂದೇ ಯಂತ್ರ

1895ರಲ್ಲಿ ಅವರ ಮೊದಲ ಕಾರು ಸಿದ್ಧವಾಯಿತು. 1896ರ ಆರಂಭದಲ್ಲಿ ರಸ್ತೆಗೆ ಇಳಿಯಿತು. ಆಗಿನ ಬಹಳಷ್ಟು ಕಾರುಗಳು ಕುದುರೆ ತೆಗೆದು ಎಂಜಿನ್ ಇಟ್ಟ ಸಾರೋಟುಗಳಂತಿದ್ದವು. ಲ್ಯಾಂಚೆಸ್ಟರ್ ಹಾಗೆ ಮಾಡಲಿಲ್ಲ, ಖಾಲಿ ಹಾಳೆಯಿಂದ ಶುರು ಮಾಡಿದರು. ಅವರ ಒಂದು ಸಿಲಿಂಡರಿನ ಎಂಜಿನ್ನಿಗೆ ಎದುರು ದಿಕ್ಕಿನಲ್ಲಿ ತಿರುಗುವ ಎರಡು ಕ್ರ್ಯಾಂಕ್‌ಶಾಫ್ಟ್‌ಗಳಿದ್ದವು. ಒಂದರ ಅಲುಗಾಟವನ್ನು ಇನ್ನೊಂದು ನುಂಗುತ್ತಿತ್ತು. ಸ್ಪ್ರಿಂಗ್ ಎಷ್ಟು ಮೆದುವಾಗಿರಬೇಕು ಅನ್ನೋದಕ್ಕೆ ಅವರು ಮನುಷ್ಯರ ನಡಿಗೆಯನ್ನೇ ಅಳತೆಗೋಲು ಮಾಡಿಕೊಂಡರು. ನಡೆಯುವಾಗ ನಮ್ಮ ತಲೆ ಯಾವ ಲಯದಲ್ಲಿ ಮೇಲೆ ಕೆಳಗೆ ಆಡುತ್ತದೋ, ಗಾಡಿಯೂ ಆ ಲಯದ ಆಸುಪಾಸಿನಲ್ಲಿ ಆಡಿದರೆ ದೇಹಕ್ಕೆ ಹಿತ ಅನ್ನೋದು ಅವರ ಲೆಕ್ಕ. ಸಸ್ಪೆನ್ಷನ್ ಪಾಠದಲ್ಲಿ ನಾವು ಓದುವ ಸಹಜ ಆವರ್ತನದ ಮಾತು ಇದೇ ತಾನೇ?

1899ರಲ್ಲಿ ಲ್ಯಾಂಚೆಸ್ಟರ್ ಎಂಜಿನ್ ಕಂಪನಿ ಶುರುವಾಯಿತು. ಒಂದು ಕಾರಿನ ಬಿಡಿಭಾಗ ಇನ್ನೊಂದು ಕಾರಿಗೂ ಹಾಗೇ ಕೂರಬೇಕು ಅಂತ ಅವರು ಮೊದಲಿನಿಂದಲೂ ಹಟ ಹಿಡಿದಿದ್ದರು. ಅದಕ್ಕೆ ಬೇಕಾದ ಗೇಜ್‌ಗಳನ್ನೂ ಕಾರ್ಖಾನೆಯಲ್ಲೇ ಮಾಡಿಸಿದರು. ಮುಂಬೈಯಲ್ಲಿ ಹುಟ್ಟಿದ ಲೇಖಕ ರಡ್ಯಾರ್ಡ್ ಕಿಪ್ಲಿಂಗ್ ಈ ಕಾರಿನ ಮೊದಲ ಗಿರಾಕಿಗಳಲ್ಲಿ ಒಬ್ಬರು. ಮುಂದೆ ನಮ್ಮ ದೇಶದ ಕೆಲವು ಮಹಾರಾಜರ ಗ್ಯಾರೇಜಿಗೂ ಲ್ಯಾಂಚೆಸ್ಟರ್ ಕಾರುಗಳು ಬಂದವು.

ಈಗ ಬ್ರೇಕಿನ ವಿಷಯಕ್ಕೆ ಬರೋಣ. 1896ರ ನವೆಂಬರ್‌ವರೆಗೆ ಇಂಗ್ಲೆಂಡಿನ ರಸ್ತೆಯಲ್ಲಿ ಎಂಜಿನ್ ಗಾಡಿಗಳು ಗಂಟೆಗೆ 4 ಮೈಲಿ ಮೀರುವಂತಿರಲಿಲ್ಲ, ಮುಂದೆ ಒಬ್ಬ ಮನುಷ್ಯ ನಡೆದು ಹೋಗಬೇಕಿತ್ತು. ಆಮೇಲೆ ಕಾನೂನು ಸಡಿಲವಾಯಿತು. 1903ರ ಕಾಯ್ದೆ ಮಿತಿಯನ್ನು ಗಂಟೆಗೆ 20 ಮೈಲಿಗೆ ಏರಿಸಿತು. ವೇಗ 5 ಪಟ್ಟಾಯಿತು, ಅಂದ್ರೆ ಚಲನಶಕ್ತಿ 25 ಪಟ್ಟಾಯಿತು. ಅದೇ ಗಾಡಿ, ಅದೇ ತೂಕ, ಆದರೆ ನಿಲ್ಲಿಸುವಾಗ ಬ್ರೇಕು ಅರಗಿಸಿಕೊಳ್ಳಬೇಕಾದ ಬಿಸಿ 25 ಪಟ್ಟು. ಸಾರೋಟಿನ ಕಾಲದ ಮರದ ಕಟ್ಟೆಗಳೂ ಚಕ್ರಕ್ಕೆ ಸುತ್ತಿದ ಪಟ್ಟಿಗಳೂ ಇದನ್ನು ತಡೆದುಕೊಳ್ಳುವ ಹಾಗಿರಲಿಲ್ಲ.

ಲ್ಯಾಂಚೆಸ್ಟರ್ ಕೊಟ್ಟ ಉತ್ತರ ಸರಳವಾಗಿತ್ತು. ಹಿಂದಿನ ಚಕ್ರದ ಜೊತೆ ತಿರುಗುವಂತೆ ಲೋಹದ ತೆಳುವಾದ ತಟ್ಟೆಯೊಂದನ್ನು ಬಿಗಿಯಬೇಕು. ಬ್ರೇಕ್ ಹಾಕಿದಾಗ ಆ ತಟ್ಟೆಯ ಅಂಚನ್ನು ಎರಡು ದವಡೆಗಳು ಎರಡೂ ಕಡೆಯಿಂದ ಕಚ್ಚಬೇಕು. ಇಷ್ಟೇ. ಇವತ್ತು ನಿಮ್ಮ ಬೈಕಿನ ಮುಂದಿನ ಚಕ್ರದಲ್ಲಿ ಕಾಣುವ ರೋಟರ್ ಮತ್ತು ಕ್ಯಾಲಿಪರ್ ಇದೇ. ಗಮನಿಸಿ, ಅವರು ಡಿಸ್ಕ್ ಹಾಕಿದ್ದು ಹಿಂದಿನ ಚಕ್ರಕ್ಕೆ. ಆಗ ಮುಂದಿನ ಚಕ್ರಕ್ಕೆ ಬ್ರೇಕ್ ಹಾಕುವ ರೂಢಿಯೇ ಇರಲಿಲ್ಲ.

ಯೋಚನೆ ಸರಿ, ಜೊತೆಗಾರರಿಲ್ಲ

ತತ್ತ್ವದಲ್ಲಿ ಲ್ಯಾಂಚೆಸ್ಟರ್ ಹೇಳಿದ್ದರಲ್ಲಿ ಏನೂ ಕೊರತೆ ಇರಲಿಲ್ಲ. ಡ್ರಮ್ ಬಿಸಿಯಾದರೆ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಇನ್ನಷ್ಟು ಕೆಳಗೆ ಹೋಗುತ್ತದೆ. ಡಿಸ್ಕ್ ಬಿಸಿಯಾದರೆ ದಪ್ಪವಾಗಿ ಪ್ಯಾಡಿನ ಕಡೆಗೇ ಹಿಗ್ಗುತ್ತದೆ. ಡ್ರಮ್ಮಿನ ಬಿಸಿ ಮುಚ್ಚಿದ ಡಬ್ಬಿಯೊಳಗೆ ಉಳಿಯುತ್ತದೆ, ಡಿಸ್ಕಿನ ಬಿಸಿಯನ್ನು ಗಾಳಿ ಒಯ್ಯುತ್ತದೆ. ಹಾಗಾದರೆ ಗೆಲ್ಲಬೇಕಿತ್ತಲ್ಲ?

ಗೆಲ್ಲದಿರಲು ನಾವು ಓದಿ ತಿಳಿದ ಮಟ್ಟಿಗೆ ಮೂರು ಕಾರಣ.

ಒಂದು, ಪ್ಯಾಡಿನ ವಸ್ತು. ಬಿಸಿ ತಡೆಯುವ ಘರ್ಷಣೆ ವಸ್ತು ಆಗ ಕೈಗೆ ಸಿಗುತ್ತಿರಲಿಲ್ಲ. ಲ್ಯಾಂಚೆಸ್ಟರ್ ದವಡೆಗಳಿಗೆ ತಾಮ್ರದ ಲೈನಿಂಗ್ ಹಾಕಿದರು. ಲೋಹಕ್ಕೆ ಲೋಹ ಉಜ್ಜಿದರೆ ಏನಾಗುತ್ತೆ ಅಂತ ಹೇಳಬೇಕಿಲ್ಲ, ಕಿವಿ ಗಡಚಿಕ್ಕುವ ಕಿರುಚಾಟ. ಅದರ ಮೇಲೆ ಆಗಿನ ರಸ್ತೆಗಳ ಧೂಳು, ಮರಳು. ತಾಮ್ರ ಬೇಗ ಸವೆದುಹೋಗುತ್ತಿತ್ತು. ಕೆಲವು ವರ್ಷಗಳ ನಂತರ ಹರ್ಬರ್ಟ್ ಫ್ರೂಡ್ ಕಲ್ನಾರಿನ ಲೈನಿಂಗ್ ತಂದರು. ಫೆರೋಡೊ ಅನ್ನುವ ಬ್ರೇಕ್ ಲೈನಿಂಗ್ ಹೆಸರು ಇವರ ಹೆಸರಿನ ಅಕ್ಷರಗಳನ್ನೇ ತಿರುವಿ ಕಟ್ಟಿದ್ದು. ಆ ಹೊತ್ತಿಗೆ ಪೇಟೆ ಡ್ರಮ್ಮಿನ ದಾರಿ ಹಿಡಿದಾಗಿತ್ತು.

ಎರಡು, ಒತ್ತುವ ಬಲ. ಡ್ರಮ್ ಬ್ರೇಕಿನಲ್ಲಿ ಒಂದು ಜಾಣತನವಿದೆ. ತಿರುಗುವ ಡ್ರಮ್ಮೇ ಮುಂದಿನ ಶೂವನ್ನು ಎಳೆದುಕೊಂಡು ಇನ್ನಷ್ಟು ಗಟ್ಟಿಯಾಗಿ ಒತ್ತಿಸಿಕೊಳ್ಳುತ್ತದೆ. ಚಾಲಕ ಕೊಟ್ಟ ಬಲಕ್ಕಿಂತ ಹೆಚ್ಚು ಕೆಲಸ ಆಗುತ್ತದೆ. ಡಿಸ್ಕಿಗೆ ಆ ಪುಕ್ಕಟೆ ಸಹಾಯ ಇಲ್ಲ, ಕೊಟ್ಟಷ್ಟೇ ಲೆಕ್ಕ. 1902ರಲ್ಲಿ ಇದ್ದದ್ದು ಸರಳು, ಸನ್ನೆ, ಕೇಬಲ್. ಹೈಡ್ರಾಲಿಕ್ ಬ್ರೇಕ್ ಕಾರುಗಳಿಗೆ ಬಂದದ್ದು 1920ರ ದಶಕದಲ್ಲಿ, ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಸಾಮಾನ್ಯವಾದದ್ದು ಅದಕ್ಕೂ ತಡವಾಗಿ.

ಮೂರು, ಅವಶ್ಯಕತೆ. ಗಂಟೆಗೆ 20 ಮೈಲಿ ಓಡುವ ಗಾಡಿಗೆ ಡ್ರಮ್ ಸಾಕಾಗುತ್ತಿತ್ತು. ಅಗ್ಗವಾದದ್ದು, ಸದ್ದಿಲ್ಲದ್ದು, ಕೆಸರು ಒಳಗೆ ಹೋಗದ್ದು ಇರುವಾಗ ಕಿರುಚುವ ಡಿಸ್ಕನ್ನು ಯಾರು ಕೊಳ್ಳುತ್ತಾರೆ?

ಅಂದ್ರೆ ಒಂದು ಭಾಗ ಎಷ್ಟೇ ಚೆನ್ನಾಗಿರಲಿ, ಅದರ ಜೊತೆಗಾರ ಭಾಗಗಳು ಬರುವ ತನಕ ಅದು ಒಂಟಿ. ಗಾಡಿ ಪೂರ್ತಿ ಒಂದೇ ಯಂತ್ರ ಅಂತ ತಿಳಿದಿದ್ದ ಲ್ಯಾಂಚೆಸ್ಟರ್‌ಗೆ ಇದು ಹೊಸ ಮಾತಾಗಿರಲಾರದು. ಆದರೆ ಆ ಜೊತೆಗಾರರನ್ನೆಲ್ಲ ಒಬ್ಬರೇ ಹುಟ್ಟಿಸೋಕೆ ಆಗುವುದಿಲ್ಲ.

ಪಿಕಪ್ಪಿಗೆ ಡಿಸ್ಕ್ ಕೂರಿಸುವವರಿಗೆ

ಇದೇ ಪಾಠ ನಮ್ಮ ಪ್ರಾಜೆಕ್ಟಿಗೂ. ನಮ್ಮ ರಸ್ತೆಯ ಬಹುಪಾಲು ಪಿಕಪ್‌ಗಳಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಕಂಪನಿಯವರಿಗೆ ಡಿಸ್ಕ್ ಗೊತ್ತಿಲ್ಲ ಅಂತಲ್ಲ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಚಕ್ರವೇ ಹೆಚ್ಚು ಕೆಲಸ ಮಾಡುತ್ತದೆ. ಹಿಂದೆ ಡ್ರಮ್ ಅಗ್ಗ, ಹ್ಯಾಂಡ್‌ಬ್ರೇಕಿಗೆ ಸಲೀಸು. 2,000 ಕೆಜಿ ತೂಕದ ಗಾಡಿ ಗಂಟೆಗೆ 72 ಕಿಲೋಮೀಟರ್ ವೇಗದಿಂದ ನಿಲ್ಲಬೇಕಾದರೆ 400 ಕಿಲೋಜೂಲ್ ಶಕ್ತಿ ಬಿಸಿಯಾಗಿ ಹೋಗಬೇಕು. ಒಂದು ಲೀಟರಿಗಿಂತ ಹೆಚ್ಚು ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಬಿಸಿ ಅದು. ಒಂದು ಸಲ ನಿಲ್ಲಿಸಲು ಡ್ರಮ್ಮೂ ಸಾಕು. ಲೋಡ್ ಹಾಕಿಕೊಂಡು ಘಾಟಿ ಇಳಿಯುವಾಗ ಮತ್ತೆ ಮತ್ತೆ ಬ್ರೇಕ್ ಹಿಡಿದಾಗಲೇ ಡಿಸ್ಕಿನ ಬೆಲೆ ಗೊತ್ತಾಗುವುದು.

ಕೂರಿಸುವ ಕೆಲಸ ಹೀಗಿದೆ. ಡ್ರಮ್, ಶೂ, ವೀಲ್ ಸಿಲಿಂಡರ್ ಬಿಚ್ಚಬೇಕು. ಹಿಂದಿನ ಬ್ಯಾಕಿಂಗ್ ಪ್ಲೇಟ್ ತೆಗೆಯಲು ಹಲವು ಗಾಡಿಗಳಲ್ಲಿ ಆಕ್ಸಲ್ ಶಾಫ್ಟನ್ನೇ ಎಳೆಯಬೇಕಾಗುತ್ತದೆ. ಆ ಪ್ಲೇಟಿದ್ದ ಜಾಗದಲ್ಲಿ ಕ್ಯಾಲಿಪರ್ ಹಿಡಿಯುವ ಬ್ರಾಕೆಟ್ ಬರುತ್ತದೆ. ಬ್ರೇಕಿನ ಪೂರ್ತಿ ಬಲವನ್ನು ಹೊರುವುದು ಇದೇ ಆದ್ದರಿಂದ ಕೈಗೆ ಸಿಕ್ಕ ಪಟ್ಟಿಯನ್ನು ಕತ್ತರಿಸಿ ಬೆಸುಗೆ ಹಾಕುವ ಹಾಗಿಲ್ಲ, ಲೆಕ್ಕ ಹಾಕಿಯೇ ಮಾಡಬೇಕು. ರೋಟರ್ ಕೂರಿಸಿದ ಮೇಲೆ ಡಯಲ್ ಗೇಜ್ ಇಟ್ಟು ಓಲಾಟ ನೋಡಬೇಕು, ಸಾಮಾನ್ಯವಾಗಿ 0.1 ಮಿಲಿಮೀಟರಿನ ಒಳಗಿರಬೇಕು. ಕ್ಯಾಲಿಪರಿನ ಬ್ಲೀಡಿಂಗ್ ನಿಪ್ಪಲ್ ಮೇಲ್ಗಡೆಯೇ ಬರಬೇಕು. ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ ಹಾಕಿದರೆ ನಿಪ್ಪಲ್ ಕೆಳಗಾಗಿ ಗಾಳಿ ಒಳಗೇ ಉಳಿಯುತ್ತದೆ, ಎಷ್ಟು ಬ್ಲೀಡ್ ಮಾಡಿದರೂ ಪೆಡಲ್ ಸ್ಪಂಜಿನಂತೆಯೇ ಇರುತ್ತದೆ.

ಇಲ್ಲಿಗೆ ನಿಂತರೆ ಅದು 1902ರ ತಟ್ಟೆ ಮತ್ತು ದವಡೆ ಮಾತ್ರ. ಜೊತೆಗಾರರ ಪಟ್ಟಿ ಇನ್ನೂ ಇದೆ. ಕ್ಯಾಲಿಪರಿನ ಪಿಸ್ಟನ್ ವೀಲ್ ಸಿಲಿಂಡರಿಗಿಂತ ದೊಡ್ಡದು, ಹೆಚ್ಚು ಆಯಿಲ್ ಬೇಡುತ್ತದೆ. ಹಳೇ ಮಾಸ್ಟರ್ ಸಿಲಿಂಡರ್ ಅಷ್ಟನ್ನು ಕಳಿಸುತ್ತದೆಯೇ ನೋಡಬೇಕು. ಡ್ರಮ್ಮಿಗಾಗಿ ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ವಾಲ್ವ್ ಇದ್ದರೆ ತೆಗೆಯಬೇಕು, ಇಲ್ಲದಿದ್ದರೆ ಪ್ಯಾಡು ಡಿಸ್ಕಿಗೆ ಅಂಟಿಕೊಂಡೇ ಓಡುತ್ತದೆ. ಪಿಕಪ್ಪಿನ ಹಿಂಭಾಗ ಖಾಲಿ ಇದ್ದಾಗ ಹಗುರ, ಲೋಡ್ ಆದಾಗ ಭಾರ. ಅದಕ್ಕೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಹೆಚ್ಚುಕಡಿಮೆ ಮಾಡುವ ವಾಲ್ವ್ ಹಲವು ಗಾಡಿಗಳಲ್ಲಿರುತ್ತದೆ. ಡ್ರಮ್ಮಿಗೆ ಹೊಂದಿಸಿದ ಆ ಲೆಕ್ಕ ಡಿಸ್ಕಿಗೆ ಹೊಂದುವುದಿಲ್ಲ. ಖಾಲಿ ಗಾಡಿಯಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆದರೆ ಗಾಡಿ ಗಿರ್ರನೆ ತಿರುಗುತ್ತದೆ. ಬ್ರೇಕ್ ಚೆನ್ನಾಗಿ ಹಿಡಿಯಿತು ಅಂತ ಖುಷಿಪಡುವಷ್ಟೂ ಸಮಯ ಇರುವುದಿಲ್ಲ.

ಕೊನೆಗೆ ಹ್ಯಾಂಡ್‌ಬ್ರೇಕ್. ಡ್ರಮ್ ಹೋದರೆ ಅದೂ ಹೋಯಿತು. ಕೇಬಲ್ ಸನ್ನೆ ಇರುವ ಕ್ಯಾಲಿಪರ್ ಬೇಕು, ಅಥವಾ ನಡುವೆ ಸಣ್ಣ ಡ್ರಮ್ ಇರುವ ರೋಟರ್ ಬೇಕು. ಇನ್ನೊಂದು ಮಾತು: ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ವಿನ್ಯಾಸವನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ. ಪ್ರಾಜೆಕ್ಟ್ ಗಾಡಿ ಕ್ಯಾಂಪಸ್ಸಿನ ಅಂಗಳದಲ್ಲೇ ಓಡಲಿ.

ಬ್ರೇಕಿನಾಚೆಗೆ

1904ರಲ್ಲಿ ಲ್ಯಾಂಚೆಸ್ಟರ್ ಕಂಪನಿ ಸಾಲದಲ್ಲಿ ಸಿಕ್ಕಿಬಿತ್ತು. ಕಾರುಗಳಿಗೆ ಬೇಡಿಕೆ ಇತ್ತು, ಬಂಡವಾಳ ಇರಲಿಲ್ಲ. ಲ್ಯಾಂಚೆಸ್ಟರ್ ಮೋಟಾರ್ ಕಂಪನಿ ಎಂಬ ಹೊಸ ಹೆಸರಿನಲ್ಲಿ ಸಂಸ್ಥೆ ಎದ್ದು ನಿಂತಿತಾದರೂ ಫ್ರೆಡ್ ನಿಧಾನವಾಗಿ ಹಿಂದೆ ಸರಿದರು, ತಮ್ಮ ಜಾರ್ಜ್ ಮುಂದೆ ಬಂದರು. 1909ರಲ್ಲಿ ಫ್ರೆಡ್ ಡೈಮ್ಲರ್ ಕಂಪನಿಯ ಸಲಹೆಗಾರರಾದರು. ಕ್ರ್ಯಾಂಕ್‌ಶಾಫ್ಟಿನ ತಿರುಚು ಕಂಪನವನ್ನು ತಡೆಯುವ ಡ್ಯಾಂಪರ್ ಆ ಕಾಲದ ಕೆಲಸ. ನಾಲ್ಕು ಸಿಲಿಂಡರ್ ಎಂಜಿನ್ನಿನ ಎರಡನೇ ದರ್ಜೆಯ ಅಸಮತೋಲನವನ್ನು ಕೊಲ್ಲಲು, ಕ್ರ್ಯಾಂಕಿನ ಎರಡು ಪಟ್ಟು ವೇಗದಲ್ಲಿ ಎದುರು ಬದುರು ತಿರುಗುವ ಎರಡು ಶಾಫ್ಟ್‌ಗಳ ಉಪಾಯವೂ ಅವರದೇ. ಡೈನಮಿಕ್ಸ್ ಆಫ್ ಮೆಷಿನರಿ ಪರೀಕ್ಷೆಗೆ ನಾವು ಉರು ಹೊಡೆಯುವುದು ಇದನ್ನೇ. ಇದೂ ಡಿಸ್ಕಿನ ಹಾಗೆ ದಶಕಗಳ ಕಾಲ ಮಲಗಿತ್ತು. 1970ರ ದಶಕದಲ್ಲಿ ಜಪಾನಿನ ಮಿತ್ಸುಬಿಷಿ ಇದೇ ದಾರಿಯಲ್ಲಿ ಬ್ಯಾಲೆನ್ಸ್ ಶಾಫ್ಟ್ ಎಂಜಿನ್ ಮಾಡಿತು. ಪೋರ್ಶೆ ಕಂಪನಿಯೂ ಅವರಿಂದ ಅನುಮತಿ ಪಡೆದು ಬಳಸಿತು.

ವಿಮಾನದ ಕಥೆ ಇನ್ನೂ ದೊಡ್ಡದು. ರೈಟ್ ಸಹೋದರರು ಹಾರುವ ಮೊದಲೇ, 1894ರಲ್ಲಿ, ಲ್ಯಾಂಚೆಸ್ಟರ್ ಬರ್ಮಿಂಗ್‌ಹ್ಯಾಮ್‌ನಲ್ಲಿ ಹಾರಾಟದ ಬಗ್ಗೆ ಪ್ರಬಂಧ ಓದಿದ್ದರು. 1897ರಲ್ಲಿ ಅದನ್ನು ಬೆಳೆಸಿ ಬರೆದು ಕಳಿಸಿದಾಗ ವಿದ್ವಾಂಸರ ವಲಯ ಒಪ್ಪಲಿಲ್ಲ. 1907 ಮತ್ತು 1908ರಲ್ಲಿ ಎರಡು ಸಂಪುಟವಾಗಿ ಪುಸ್ತಕವನ್ನೇ ತಂದರು. ರೆಕ್ಕೆಯ ಸುತ್ತ ಗಾಳಿ ಸುಳಿಯುವುದರಿಂದ ಮೇಲೆತ್ತುವ ಬಲ ಬರುತ್ತದೆ, ರೆಕ್ಕೆಯ ತುದಿಯಿಂದ ಸುಳಿಗಳು ಹಿಂದಕ್ಕೆ ಹರಿಯುತ್ತವೆ ಅನ್ನೋದು ಅವರ ವಾದ. ಅವರ ಬರಹದ ಶೈಲಿ, ಅವರೇ ಹುಟ್ಟಿಸಿದ ಪದಗಳು ಓದುಗರಿಗೆ ಕಷ್ಟವಾದವು. ಜರ್ಮನಿಯ ಗಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟಲ್ ಈ ವಿಷಯಕ್ಕೆ ಅಚ್ಚುಕಟ್ಟಾದ ಗಣಿತ ಕೊಟ್ಟಾಗ ಲೋಕ ಒಪ್ಪಿತು. ಇವತ್ತು ಕೆಲವು ಪುಸ್ತಕಗಳಲ್ಲಿ ಇಬ್ಬರ ಹೆಸರೂ ಇದೆ, ಹಲವು ಪುಸ್ತಕಗಳಲ್ಲಿ ಪ್ರಾಂಟಲ್ ಹೆಸರೊಂದೇ. ಸರಿಯಾದ ಮಾತನ್ನು ನಾಲ್ಕು ಜನಕ್ಕೆ ಅರ್ಥವಾಗುವಂತೆ ಹೇಳುವುದೂ ಎಂಜಿನಿಯರಿಂಗಿನ ಭಾಗವೇ. ರಿಪೋರ್ಟ್ ಬರೆಯುವುದು ದಂಡ ಅನ್ನುವವರು ಇಲ್ಲೊಮ್ಮೆ ನಿಂತು ಯೋಚಿಸಬೇಕು.

ಮೊದಲ ಮಹಾಯುದ್ಧದ ಕಾಲದಲ್ಲಿ ಅವರು ಯುದ್ಧಕ್ಕೂ ಸಮೀಕರಣ ಬರೆದರು. ದೂರದಿಂದ ಗುಂಡು ಹಾರಿಸುವ ಕಾಳಗದಲ್ಲಿ ಪಡೆಯ ಬಲ ಅದರ ಸಂಖ್ಯೆಯ ವರ್ಗಕ್ಕೆ ತಕ್ಕಂತೆ ಇರುತ್ತದೆ. 10 ಮಂದಿ ಒಟ್ಟಿಗಿದ್ದರೆ ಬಲ 100. ಅವರೇ 5 ಮತ್ತು 5 ಆಗಿ ಒಡೆದರೆ 25 ಮತ್ತು 25, ಅಂದ್ರೆ ಬರೀ 50. ಒಗ್ಗಟ್ಟಿನಲ್ಲಿ ಬಲವಿದೆ ಅನ್ನುವ ನಮ್ಮ ಗಾದೆಗೆ ಅವರು ಲೆಕ್ಕ ಹಾಕಿ ತೋರಿಸಿದಂತಾಯಿತು. ಆಪರೇಷನ್ಸ್ ರಿಸರ್ಚ್ ಅನ್ನುವ ವಿಷಯದ ಮೂಲಪುರುಷರಲ್ಲಿ ಅವರನ್ನೂ ಎಣಿಸುತ್ತಾರೆ. ಆ ಕ್ಷೇತ್ರದ ಒಂದು ದೊಡ್ಡ ಬಹುಮಾನಕ್ಕೆ ಅವರದೇ ಹೆಸರು.

ಕೊನೆಯ ವರ್ಷಗಳು

1919ರಲ್ಲಿ ಡೊರೊಥಿಯಾ ಕೂಪರ್ ಅವರೊಡನೆ ಮದುವೆಯಾಯಿತು. ಮಕ್ಕಳಿರಲಿಲ್ಲ. ಅದೇ ವರ್ಷ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಪದವಿಯಿಲ್ಲದೆ ಕಾಲೇಜು ಬಿಟ್ಟವರು ಡಾಕ್ಟರ್ ಲ್ಯಾಂಚೆಸ್ಟರ್ ಆದರು. 1922ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 1931ರಲ್ಲಿ ವಿಮಾನಯಾನ ಕ್ಷೇತ್ರದ ಗುಗೆನ್‌ಹೈಮ್ ಪದಕ ಬಂತು. ಕವನ ಬರೆದು ಬೇರೆ ಹೆಸರಿನಲ್ಲಿ ಪ್ರಕಟಿಸಿದರು, ಸಂಗೀತದ ಸ್ವರಶ್ರೇಣಿ ಬಗ್ಗೆಯೂ ಸಾಪೇಕ್ಷತಾ ಸಿದ್ಧಾಂತದ ಬಗ್ಗೆಯೂ ಬರೆದರು. ಎಂಜಿನಿಯರಿಂಗ್ ಕಾಲೇಜಿಗೆ ಕನ್ನಡ ಸಂಘ ಯಾಕೆ ಅಂತ ಕೇಳುವವರಿಗೆ ನಾವು ಇವರನ್ನೇ ತೋರಿಸುತ್ತೇವೆ.

ಗೌರವಗಳು ಬಂದವು, ಹಣ ಬರಲಿಲ್ಲ. 1920ರ ದಶಕದ ನಡುವೆ ಸ್ವಂತ ಪ್ರಯೋಗಾಲಯ ತೆರೆದು ಧ್ವನಿವರ್ಧಕಗಳ ಮೇಲೆ ಕೆಲಸ ಮಾಡಿದರು. ದಶಕ ಮುಗಿಯುವ ಹೊತ್ತಿಗೆ ಡೈಮ್ಲರ್ ಜೊತೆಗಿನ ನಂಟು ಮುಗಿಯಿತು. 1931ರಲ್ಲಿ ಅವರ ಹೆಸರಿನ ಕಾರು ಕಂಪನಿಯನ್ನು ಡೈಮ್ಲರ್‌ನ ಒಡೆಯನಾದ ಬಿಎಸ್‌ಎ ಕೊಂಡುಕೊಂಡಿತು. ಪಾರ್ಕಿನ್ಸನ್ ಕಾಯಿಲೆ ಅಂಟಿಕೊಂಡು ಪ್ರಯೋಗಾಲಯ ಮುಚ್ಚಬೇಕಾಯಿತು. ನೂರಾರು ಡ್ರಾಯಿಂಗ್ ಎಳೆದ ಕೈ ನಡುಗತೊಡಗಿತು. ಕೊನೆಯ ದಿನಗಳಲ್ಲಿ ಮೋಟಾರು ಉದ್ಯಮದವರ ನೆರವಿನಿಂದಲೇ ಅವರು ತಮ್ಮ ಮನೆಯಲ್ಲಿ ಉಳಿಯಲು ಸಾಧ್ಯವಾಯಿತು. 1946ರ ಮಾರ್ಚ್ 8ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ತೀರಿಕೊಂಡರು.

ಅವರು ಹೋಗಿ 7 ವರ್ಷಕ್ಕೆ, 1953ರ ಜೂನ್‌ನಲ್ಲಿ, ಫ್ರಾನ್ಸಿನ ಲೆ ಮಾನ್ 24 ಗಂಟೆಯ ರೇಸ್ ನಡೆಯಿತು. ಡನ್‌ಲಾಪ್ ಡಿಸ್ಕ್ ಬ್ರೇಕ್ ಹಾಕಿದ್ದ ಜಾಗ್ವಾರ್ ಕಾರು ಗೆದ್ದಿತು. ಉದ್ದನೆಯ ನೇರ ರಸ್ತೆಯ ಕೊನೆಯಲ್ಲಿ ಡ್ರಮ್ ಇದ್ದವರು ಬೇಗ ಬ್ರೇಕ್ ಹಿಡಿಯಬೇಕಿತ್ತು, ಡಿಸ್ಕ್ ಇದ್ದವರು ಇನ್ನಷ್ಟು ದೂರ ಹೋಗಿ ಹಿಡಿಯಬಹುದಿತ್ತು, ಅದೂ ಗಂಟೆಗಟ್ಟಲೆ. ಆ ರೇಸಿನಲ್ಲಿ ಗೆದ್ದ ಕಾರು ಸರಾಸರಿ ಗಂಟೆಗೆ 100 ಮೈಲಿ ದಾಟಿದ್ದು ಅದೇ ಮೊದಲು. 1955ರಲ್ಲಿ ಸಿಟ್ರೊಯೆನ್ ಡಿಎಸ್ ಕಾರು ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇಟ್ಟುಕೊಂಡೇ ಮಾರುಕಟ್ಟೆಗೆ ಬಂತು. ಘರ್ಷಣೆ ವಸ್ತು, ಹೈಡ್ರಾಲಿಕ್ ಲೈನು, ಬೂಸ್ಟರ್, ವೇಗ, ಎಲ್ಲ ಜೊತೆಗಾರರೂ ಆ ಹೊತ್ತಿಗೆ ಬಂದಿದ್ದರು. ಯೋಚನೆ ಮಾತ್ರ ಹಳೆಯದೇ, ಹಿಂದಿನ ಚಕ್ರದ ತಟ್ಟೆ ಮತ್ತು ಎರಡು ದವಡೆ.

ಇಂಗ್ಲೆಂಡಿನ ಕೊವೆಂಟ್ರಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಇವರ ಹೆಸರಿಟ್ಟಿದ್ದಾರೆ. ಯಾವ ಕಾರಿನ ಡಿಸ್ಕಿನ ಮೇಲೂ ಇವರ ಹೆಸರಿಲ್ಲ. ನಮ್ಮಲ್ಲಿ ಯಾರಾದರೂ ಪಿಕಪ್ಪಿಗೆ ಹಿಂದಿನ ಡಿಸ್ಕ್ ಕೂರಿಸುವ ಪ್ರಾಜೆಕ್ಟ್ ತೆಗೆದುಕೊಂಡರೆ ನಮ್ಮದೊಂದು ಕೋರಿಕೆ. ಕ್ಯಾಲಿಪರ್ ಖರೀದಿಗೆ ಹೊರಡುವ ಮೊದಲು ಮಾಸ್ಟರ್ ಸಿಲಿಂಡರಿನಿಂದ ಹ್ಯಾಂಡ್‌ಬ್ರೇಕಿನ ತನಕ ಜೊತೆಗಾರರ ಪಟ್ಟಿಯನ್ನು ಪೂರ್ತಿ ಬರೆಯಿರಿ, ಪ್ರತಿಯೊಂದಕ್ಕೂ ಲೆಕ್ಕ ಹಾಕಿ. ರಿಪೋರ್ಟಿನ ಮೊದಲ ಅಧ್ಯಾಯದಲ್ಲಿ ಡಿಸ್ಕ್ ಬ್ರೇಕಿನ ಚರಿತ್ರೆ ಬರೆಯುವಾಗ 1953ರಿಂದ ಶುರು ಮಾಡಬೇಡಿ. 1902 ಅಂತ ಬರೆಯಿರಿ, ಪಕ್ಕದಲ್ಲಿ ಲ್ಯಾಂಚೆಸ್ಟರ್ ಅಂತ ಬರೆಯಿರಿ.